ಪಗಡಿ ಬದಲಿಸಿಕೊಂಡ ಅಣ್ಣ

ಮೊಮ್ಮಗಳಿಗೆ ಇನ್ನೊಂದು ಕುಲಾವಿ ಹೊಲಿಯೋಣವೆಂದು ನಿನ್ನೆ ಹಳೆಯ ಟ್ರಂಕು ತೆಗೆದೆ. ಮೆತ್ತಗಿನ ಬಟ್ಟೆಯ ತುಂಡು ಸಿಕ್ಕೀತೇನೋ ಎಂದು ಕೈಯಾಡಿಸಿದರೆ ತಳದಲ್ಲಿ ಗಟ್ಟಿಯಾಗಿ ಏನೋ ತಾಗಿತು. ಎತ್ತಿದೆ. ಕೆಂಪು ಪಗಡಿ. ಎತ್ತಿದ್ದೇ ತಡ, ಮೂಗಿಗೆ ನಶ್ಯದ ಘಾಟು ಬಡಿಯಿತು. ಇಷ್ಟು ವರ್ಷ ಕರ್ಪೂರದ ಮಗ್ಗುಲಲ್ಲಿ ಮಲಗಿದ್ದರೂ ಅದರ ಮಡಿಕೆಯಲ್ಲಿ ನಶ್ಯ ಹಾಗೇ ಕೂತಿತ್ತು. ನಾನು ಸೀನಿದ ಸಪ್ಪಳಕ್ಕೆ ತೊಟ್ಟಿಲಲ್ಲಿದ್ದ ಕೂಸು ಬೆಚ್ಚಿ ಎರಡೂ ಕೈ ಮೇಲೆತ್ತಿತು. ನಮ್ಮಾಕೆ ಒಳಗಿನಿಂದಲೇ, "ಮತ್ತ ಆ ಪೆಟಿಗಿ ತಗದ್ರೇನು?" ಎಂದಳು.

ಕೂಸಿನ ಮಾತು ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಬೇರೆ ಏನು ಬರೆಯಲೂ ನನ್ನ ಕೈ ನಿಲ್ಲುವುದಿಲ್ಲ. ನಮ್ಮ ಮನೆಯಲ್ಲಿ ಮೂರು ತಲೆಮಾರಿಗೆ ಹುಟ್ಟಿದ ಮೊದಲನೆಯ ಹೆಣ್ಣು ಇದು. ದೇಶಕ್ಕೆ ಸ್ವಾತಂತ್ರ್ಯ ಬಂದ ವಾರದಲ್ಲೇ ಹುಟ್ಟಿತು. ಊರ ತುಂಬ ಕಾಗದದ ಪತಾಕೆ ಕಟ್ಟಿದ್ದರು, ಹಲಗೆ ಬಾರಿಸುತ್ತಿದ್ದರು, ಗುರುತಿಲ್ಲದವರೂ ಕೈಗೆ ಪೇಢೆ ಕೊಟ್ಟು ಹೋಗುತ್ತಿದ್ದರು. ನನಗೆ ಮಾತ್ರ ಅದೆಲ್ಲ ನಮ್ಮ ಕೂಸಿಗಾಗಿಯೇ ನಡೆದಂತೆ ಕಂಡಿತು. ಈಗಲೂ ಹಾಗೆಯೇ ಕಾಣುತ್ತದೆ. ಯಾರಾದರೂ ಸ್ವಾತಂತ್ರ್ಯದ ಮಾತು ತೆಗೆದರೆ ನಾನು ಅದರ ಕಿವಿಯ ಹಾಲೆ ಎಷ್ಟು ತೆಳುವಾಗಿದೆ ಎಂದು ಹೇಳಲು ಶುರುಮಾಡುತ್ತೇನೆ. ಜನ ನಗುತ್ತಾರೆ. ನಗಲಿ.

ನಾನು ಓದಿದವನಲ್ಲ. ಎರಡನೆಯ ಇಯತ್ತೆ ಮುಗಿಸಿ ಅಪ್ಪನ ಹತ್ತಿರ ಕೆಲಸಕ್ಕೆ ಕೂತವನು. ಮಗ ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಾನೆ. "ಅಪ್ಪಾ, ಹೇಳಿದ್ದನ್ನs ಎಷ್ಟು ಸಲ ಹೇಳ್ತೀ? ಬರದು ಕೊಡು, ಅಚ್ಚು ಹಾಕಸ್ತೀನಿ," ಎಂದ. ಕಾಗುಣಿತ ತಪ್ಪಿದ್ದರೆ ತಿದ್ದು, ಸಿಟ್ಟು ತಿದ್ದಬೇಡ ಎಂದು ಅವನಿಗೆ ಹೇಳಿದ್ದೇನೆ.

ಆ ಪಗಡಿ ನನ್ನದಲ್ಲ. ಅದು ನಮ್ಮ ವಕೀಲರದು. ಮುಂದೆ ಅವರು ಮುನ್ಸಿಪಾಲ್ಟಿಯ ಮೆಂಬರರಾದರು, ಮುಂಬಯಿಯ ಕೌನ್ಸಿಲ್ಲಿಗೆ ಹೋದರು, ಸರಕಾರದಲ್ಲಿ ಮಂತ್ರಿಗಳೂ ಆದರು. ನಮ್ಮ ಗಲ್ಲಿಯವರು ಮಾತ್ರ ಕೊನೆಯವರೆಗೂ ಅವರನ್ನು ವಕೀಲರು ಎಂದೇ ಕರೆದೆವು.

ನಮ್ಮದು ಬಾಗಲಕೋಟೆಯ ಕಡೆ. ಪ್ಲೇಗು ಮುಗಿದ ಮೇಲೆ ಪುಣೆಯಲ್ಲಿ ಕೈಕೆಲಸದವರು ಕಡಿಮೆಯಾಗಿದ್ದಾರೆಂದು ಕೇಳಿ ಅಪ್ಪ ನನ್ನನ್ನು ಕರೆದುಕೊಂಡು ಬಂದ. ಮುಠಾ ನದಿಗೆ ಇಳಿಯುವ ಒಂದು ಸಣ್ಣ ಗಲ್ಲಿ. ಒಂದು ಸಾಲು ಪಗಡಿ ಕಟ್ಟುವವರು, ಎದುರು ಸಾಲು ಬಣ್ಣ ಹಾಕುವವರು. ಅವರು ಬಣ್ಣ ಅದ್ದಿ ಕೊಟ್ಟ ಬಟ್ಟೆಯನ್ನು ನಾವು ಹಗ್ಗದ ಹಾಗೆ ಹೊಸೆದು, ಮೊಣಕಾಲಿಗೆ ಸುತ್ತಿ, ಮಡಿಕೆಗೆ ಮಡಿಕೆ ಕೂಡಿಸಿ ಸೂಜಿ ಹಾಕುತ್ತಿದ್ದೆವು. ಜೋಯಿಸರ ಪಗಡಿ ಬೇರೆ, ಶೇಟಜಿಯ ಪಗಡಿ ಬೇರೆ. ಆಗ ಪುಣೆಯಲ್ಲಿ ಬರಿದಲೆಯಲ್ಲಿ ಹೊರಗೆ ಬರುವುದೆಂದರೆ ಮನೆಯಲ್ಲಿ ಯಾರೋ ಸತ್ತಿದ್ದಾರೆ ಎಂದೇ ಅರ್ಥ.

ಗಲ್ಲಿಯ ಬಾಯಿಯಲ್ಲಿದ್ದ ವಾಡೆಯ ಅಟ್ಟದ ಕೋಣೆಯಲ್ಲಿ ವಕೀಲರು ಆಗಿನ್ನೂ ಕಾಯಿದೆ ಓದುತ್ತಿದ್ದರು. ಒಂದು ದಿನ ನಾನು ಮಡಿಕೆ ತಪ್ಪಿಸಿ ಅಪ್ಪನ ಕೈಯಲ್ಲಿ ಬೈಸಿಕೊಳ್ಳುತ್ತಿದ್ದೆ. ದಾರಿಯಲ್ಲಿ ಹೋಗುತ್ತಿದ್ದವರು ನಿಂತುಬಿಟ್ಟರು.

"ಇನ್ನೊಂದೀಟು ಬೈರಿ ಕಾಕಾ," ಎಂದರು. "ಕನ್ನಡದಾಗ ಬೈಗುಳ ಕೇಳಿ ಭಾಳ ದಿನಾ ಆಗಿತ್ತು."

ಅಪ್ಪ ನಕ್ಕುಬಿಟ್ಟ. ಅಂದಿನಿಂದ ಅವರು ನಮ್ಮ ಕಟ್ಟೆಯ ಮೇಲೆ ಕೂಡುವವರಾದರು. ಪರೀಕ್ಷೆ ಪಾಸಾಗಿ ಕೋರ್ಟಿಗೆ ಹೋಗುವ ಮೊದಲ ದಿನಕ್ಕೆ ಅವರ ಪಗಡಿಯನ್ನು ಅಪ್ಪನೇ ಕಟ್ಟಿದ. ಅವರಿಗೆ ನಶ್ಯದ ಚಟ. ತಲೆಯ ಅಳತೆ ತೆಗೆದುಕೊಳ್ಳುವಾಗ ಸೀನಿ, ದಾರ ಜಾರಿ, ಅಪ್ಪ ಮತ್ತೆ ಮೊದಲಿನಿಂದ ಅಳೆಯಬೇಕಾಗುತ್ತಿತ್ತು...

ಸುಳ್ಳು ಹೇಳಬಾರದು. ಆ ದಿನಗಳಲ್ಲಿ ಅವರು ನಿಜವಾಗಿ ಒಳ್ಳೆಯವರು. ಗಲ್ಲಿಗೆ ನಲ್ಲಿ ಬಂದದ್ದು ಅವರ ಓಡಾಟದಿಂದ. ದೊಡ್ಡ ಜ್ವರ ಬಂತಲ್ಲ, ಮನೆಗೆ ಇಬ್ಬರು ಮೂವರು ಮಲಗಿದಲ್ಲೇ ಹೋದರು. ಅಪ್ಪನೂ ಅದರಲ್ಲೇ ಹೋದ. ಅಪ್ಪನನ್ನು ಸುಟ್ಟು ಬರುವಷ್ಟರಲ್ಲಿ ನಮ್ಮಾಕೆಯ ಮೈ ಕಾದ ಹಂಚಾಗಿತ್ತು. ನೆರೆಯವರು ಬಾಗಿಲು ಹಾಕಿಕೊಂಡಿದ್ದರು. ಅವರದೂ ತಪ್ಪಲ್ಲ, ಅವರ ಮನೆಗಳಲ್ಲೂ ಮಲಗಿದ್ದರು. ವಕೀಲರು ಬಂದರು. ಕೋಟು ಗೂಟಕ್ಕೆ ಹಾಕಿ, ನಲ್ಲಿಯಿಂದ ಕೊಡ ತಂದು, ಬಟ್ಟೆ ಅದ್ದಿ ಅವಳ ಹಣೆಗೆ ಹಾಕಿದರು. ಚಮಚದಿಂದ ನೀರು ಕುಡಿಸಿದರು. ಕೋರ್ಟಿಗೆ ಹೋಗುವ ದೊಡ್ಡ ಮನುಷ್ಯ! ನಾನು ಮೂಲೆಯಲ್ಲಿ ಕೂತು ಅಳುತ್ತಿದ್ದೆ. "ಅಳಬ್ಯಾಡೋ, ಒಲಿ ಹಚ್ಚು," ಎಂದರು. ಅವಳು ಉಳಿದಳು.

ಜ್ವರದ ಮರುವರ್ಷವೋ ಅದರಾಚೆಯ ವರ್ಷವೋ ಅವರು ಮುನ್ಸಿಪಾಲ್ಟಿಯ ಚುನಾವಣೆಗೆ ನಿಂತರು. ಎದುರಿಗೆ ನಿಂತವನು ಪೇಠೆಯ ದೊಡ್ಡ ಶೇಟಜಿ. ಅವನ ಕಡೆಯವರು ಓಣಿ ಓಣಿಯಲ್ಲಿ, "ಹಾ ಕಾನಡಿ ಮಾಣೂಸ್, ಹ್ಯಾಚಂ ಇಥಂ ಕಾಯ್?" ಎನ್ನುತ್ತ ತಿರುಗಿದರು. ಇವನು ಕನ್ನಡದವನು, ಇವನಿಗಿಲ್ಲಿ ಏನು ಕೆಲಸ ಎಂದು. ವಕೀಲರ ಮುಖ ಸಣ್ಣದಾಯಿತು. ನಮ್ಮ ಗಲ್ಲಿಯಲ್ಲಿ ಮನೆಯ ತೆರಿಗೆ ಕಟ್ಟುವವರು ಬಹಳ ಜನ, ಆಗ ತೆರಿಗೆ ಕಟ್ಟುವವರಿಗಷ್ಟೇ ಮತ. ಆದರೆ ಅರ್ಧಕ್ಕರ್ಧ ಮರಾಠಿಯವರು. ಶೇಟಜಿ ಅವರ ಗಿರಾಕಿ.

ಮಾರುತಿ ಗುಡಿಯ ಮುಂದೆ ಜನ ಕೂಡಿದ್ದರು. ವಕೀಲರು ಮಾತನಾಡಲು ಎದ್ದು ನಿಂತರು. ನನ್ನನ್ನು ಕರೆದರು. ತಮ್ಮ ತಲೆಯ ಮೇಲಿನ ಕೆಂಪು ಪಗಡಿ ತೆಗೆದು ನನ್ನ ತಲೆಗಿಟ್ಟರು. ನನ್ನದನ್ನು ತೆಗೆದು ತಮ್ಮ ತಲೆಗಿಟ್ಟುಕೊಂಡರು. ದೇವರ ಮುಂದೆ ಕೈಮುಗಿದರು. "ಇವತ್ತಿನಿಂದ ಇಂವಾ ನನ್ನ ತಮ್ಮ," ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಹೇಳಿದರು.

ಈಗಿನ ಟೊಪ್ಪಿಗೆಯ ಹುಡುಗರಿಗೆ ಇದು ಆಟದ ಹಾಗೆ ಕಾಣಬಹುದು. ನಮಗೆ ಹಾಗಲ್ಲ. ಪಗಡಿ ಬದಲಿಸಿಕೊಂಡರೆ ಬೆನ್ನಿಗೆ ಬಿದ್ದವರಿಗಿಂತ ಹೆಚ್ಚು. ಒಬ್ಬರ ಮನೆಯ ಮದುವೆ ಇಬ್ಬರದು, ಒಬ್ಬರ ಮನೆಯ ಸೂತಕವೂ ಇಬ್ಬರದು. ಕಷ್ಟ ಬಂದಾಗ ಆ ಪಗಡಿಯನ್ನು ತಂದು ಅಣ್ಣನ ಮುಂದೆ ನೆಲಕ್ಕಿಟ್ಟರೆ ಅವನು ಇಲ್ಲವೆನ್ನುವಂತಿಲ್ಲ. ನನಗೆ ಒಡಹುಟ್ಟಿದವರಿಲ್ಲ. ಅಪ್ಪ ಹೋಗಿದ್ದ. ಅಂದು ನನ್ನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿ ಹರಿದಾವೇನೋ ಅನಿಸಿತು. ನಾನು ಮನೆ ಮನೆಗೆ ಹೋದೆ. ಮರಾಠಿಯವರೂ ನನ್ನ ತಲೆ ನೋಡಿ, "ಪಗಡೀಚಾ ಭಾವು", ಪಗಡಿಯ ತಮ್ಮ, ಎಂದು ನಕ್ಕು ಒಪ್ಪಿಕೊಂಡರು. ಅವರು ಗೆದ್ದರು.

ಆಮೇಲೆ ಅವರದು ಏಣಿ ಹತ್ತಿದ ಹಾಗೆ. ಮುನ್ಸಿಪಾಲ್ಟಿಯಲ್ಲಿ ಅವರು ನಿಂತು ಮಾತನಾಡಿದರೆ ಸಾಹೇಬರೂ ಪೆನ್ನು ಕೆಳಗಿಡುತ್ತಿದ್ದರಂತೆ. ನಂತರ ಕೌನ್ಸಿಲ್ಲು. ಅಟ್ಟದ ಕೋಣೆ ಬಿಟ್ಟು ಸಾಹೇಬರು ಇರುವ ಕ್ಯಾಂಪಿನ ಕಡೆ ಮನೆ ಮಾಡಿದರು. ಬರುವುದು ಕಡಿಮೆಯಾಯಿತು. ಬಂದಾಗ ಮಾತ್ರ "ತಮ್ಮಾ" ಎಂದೇ ಕರೆಯುತ್ತಿದ್ದರು, ನಮ್ಮಾಕೆಗೆ "ಏನವಾ, ಆರಾಮ ಇದ್ದೀಯಲಾ?" ಎನ್ನುತ್ತಿದ್ದರು. ಮಂತ್ರಿಗಳಾದ ಸುದ್ದಿ ಬಂದ ದಿನ ನಮ್ಮ ಗಲ್ಲಿಯ ಸಂತೋಷ ಏನು ಹೇಳಲಿ! ಎದುರು ಸಾಲಿನ ಬಣ್ಣದ ಕಾಕಾ ಮುದುಕ, ಗಲ್ಲಿಗೆಲ್ಲ ಹಿರಿಯ. ಅವನು ತನ್ನ ಎರಡು ಎತ್ತುಗಳ ಕೊಂಬಿಗೂ ಬಣ್ಣ ಹಚ್ಚಿ, ತನ್ನ ಮೀಸೆಗೂ ಹಚ್ಚಿಕೊಂಡ. ನಮ್ಮಾಕೆ ಇಡೀ ಗಲ್ಲಿಗೆ ಹೋಳಿಗೆ ಬಡಿದಳು. ಟಪಾಲಿನವನು ಕೂಡ ನನಗೆ ರಾಮರಾಮ ಹೇಳತೊಡಗಿದ. ಮಂತ್ರಿಯ ತಮ್ಮನಲ್ಲವೇ ನಾನು...

ಅವರಿಗೆ ಕೊಟ್ಟ ಖಾತೆಯಲ್ಲಿ ಊರೂರಿನ ಮುನ್ಸಿಪಾಲ್ಟಿಗಳ ಕೆಲಸವೆಲ್ಲ ಬರುತ್ತಿತ್ತು. ಮುನ್ಸಿಪಾಲ್ಟಿಯವರು ರಸ್ತೆಯ ಗೆರೆ ಎಳೆದರೆ ಅದಕ್ಕೆ ಕೊನೆಯ ಒಪ್ಪಿಗೆ ಅವರದು. ಇದು ನಮಗೆ ತಿಳಿದದ್ದು ನಮ್ಮ ಗಲ್ಲಿಗೆ ಗೆರೆ ಬಂದಾಗ.

ನದಿಯ ಕಡೆಗೆ ದೊಡ್ಡ ರಸ್ತೆ ಮಾಡುತ್ತಾರೆ ಎಂದು ಡಂಗುರ ಸಾರಿದರು. ಗುಡಿಯ ಗೋಡೆಗೆ ನಕಾಶೆ ಅಂಟಿಸಿದರು. ರಸ್ತೆ ನಮ್ಮ ಗಲ್ಲಿಯ ಒಂದು ಅಂಚನ್ನೂ ಮಗ್ಗುಲಿನ ತಾಮ್ರಗಾರರ ಗಲ್ಲಿಯ ಒಂದು ಅಂಚನ್ನೂ ತಿಂದು ಹೋಗುವಂತೆ ಇತ್ತು. ಯಾರಿಗೆ ತಕರಾರು ಇದೆಯೋ ಅವರು ತಿಂಗಳೊಳಗೆ ಅರ್ಜಿ ಕೊಡಬೇಕು. ತಾಮ್ರಗಾರರು ಮರುದಿನವೇ ಬೇರೊಬ್ಬ ವಕೀಲನನ್ನು ಹಿಡಿದು ಮನೆಗೊಂದು ಅರ್ಜಿ ಬರೆಸಿದರು.

ನಮ್ಮ ಕಟ್ಟೆಯ ಮೇಲೂ ಜನ ಕೂಡಿತು. ಗಲ್ಲಿ ಹೋದರೆ ಹೋಗುವುದು ಮನೆಯೊಂದೇ ಅಲ್ಲ. ನದಿ ದೂರವಾದರೆ ಬಣ್ಣದವರ ಕೆಲಸ ನಿಂತಿತು. ಬಣ್ಣದವರು ಎದುರಿಗಿಲ್ಲದಿದ್ದರೆ ನಮ್ಮದೂ ನಿಂತಿತು. ಯಾರೋ ಅರ್ಜಿಯ ಮಾತು ತೆಗೆದರು. ಬಣ್ಣದ ಕಾಕಾ ಕೈ ಎತ್ತಿದ.

"ಅರ್ಜಿ ಕೊಡೂದು ಪರರಿಗೆ," ಎಂದ. "ಅಣ್ಣನ ಮುಂದ ಪಗಡಿ ಇಡೂದು. ಎರಡೂ ಮಾಡಿದ್ರ ಪಗಡಿಗೆ ಕಿಮ್ಮತ್ತು ಏನು ಉಳೀತು?"

ಹೌದು ಹೌದು ಎಂದರು ಎಲ್ಲರೂ. ನನಗೂ ಅದೇ ಸರಿ ಕಂಡಿತು. ಬಾಗಿಲಲ್ಲಿ ನಿಂತಿದ್ದ ನಮ್ಮಾಕೆ ಒಬ್ಬಳೇ ಬಾಯಿ ಹಾಕಿದಳು.

"ಪಗಡೀನೂ ಇಡ್ರಿ, ಅರ್ಜೀನೂ ಕೊಡ್ರಿ. ಅದಕ್ಕೇನಾಗ್ತದ?"

"ತವರಿಗೆ ಹೋಗಿ ಉಂಡು, ಮತ್ತ ರಸೀದಿ ಬರಸ್ಕೊಂಡು ಬರ್ತೀಯೇನವಾ?" ಎಂದ ಕಾಕಾ. ಎಲ್ಲರೂ ನಕ್ಕರು. ಅವಳೂ ನಕ್ಕು ಒಳಗೆ ಹೋದಳು.

ಮಳೆಗಾಲದಲ್ಲಿ ಸರಕಾರ ಮುಂಬಯಿಯಿಂದ ಪುಣೆಗೆ ಬರುತ್ತಿತ್ತು. ಮಂತ್ರಿಗಳೆಲ್ಲ ಗಣೇಶಖಿಂಡಿಯ ಕಡೆ ಬಂಗಲೆಗಳಲ್ಲಿ ಇಳಿಯುತ್ತಿದ್ದರು. ಮಗ ಆಗ ಚಿಕ್ಕವನು, ನಾನೂ ಬರುತ್ತೇನೆಂದು ಅತ್ತ. ಬಿಟ್ಟು ಹೊರಟೆ. ವಕೀಲರ ಕೆಂಪು ಪಗಡಿಯನ್ನು ತೊಳೆದ ಪಂಚೆಯಲ್ಲಿ ಕಟ್ಟಿ, ಕೊಡೆಯೊಳಗೆ ಎದೆಗೆ ಹಿಡಿದುಕೊಂಡು ಹೋದೆ. ನಾನು ತೋಯ್ದೆ, ಅದು ತೋಯಲಿಲ್ಲ.

ಬಂಗಲೆಯ ಮೆಟ್ಟಿಲಲ್ಲಿ ಪಟ್ಟೆವಾಲಾ ಜವಾನ ತಡೆದ. ಯಾರು ಏನು ಎಂದು ಕೇಳುತ್ತಿದ್ದವನ ತಲೆ ನೋಡಿದೆ. ನನ್ನ ಪಗಡಿ. ಮಾರುತಿ ಗುಡಿಯ ಮುಂದೆ ವಕೀಲರು ತಲೆಗಿಟ್ಟುಕೊಂಡದ್ದು. ನಾನೇ ಕಟ್ಟಿದ್ದು, ನಾನೇ ತೊಟ್ಟಿದ್ದು, ಗುರುತು ಸಿಗದೇ? ಬಣ್ಣ ಮಾಸಿತ್ತು, ಎಡಗಡೆಯ ಮಡಿಕೆ ಕಿತ್ತಿತ್ತು. ಆದರೆ ಮನಸ್ಸು ಎಂಥದು ನೋಡಿ. ಇವನು ಬಹಳ ನಂಬಿಕೆಯ ಮನುಷ್ಯನಿರಬೇಕು, ಪ್ರೀತಿಯಿಂದ ಕೊಟ್ಟಿರಬೇಕು ಎಂದು ನಾನೇ ನನಗೆ ಹೇಳಿಕೊಂಡೆ.

ಒಳಗೆ ವಕೀಲರು ಎದ್ದು ಬಂದು ನನ್ನ ಹೆಗಲು ಹಿಡಿದರು. ಜರಿಯ ಅಂಚಿನ ಹೊಸ ಪಗಡಿ ತೊಟ್ಟಿದ್ದರು. ನಮ್ಮ ಕೈಯದಲ್ಲ. ನನಗೆ ಚಹಾ ತರಿಸಿದರು, ನಮ್ಮಾಕೆಯ ಕ್ಷೇಮ ಕೇಳಿದರು. ನಾನು ತಲೆಯದನ್ನು ಪಕ್ಕಕ್ಕಿಟ್ಟು, ಗಂಟು ಬಿಚ್ಚಿ ಕೆಂಪು ಪಗಡಿ ತೆಗೆದು ಅವರ ಕಾಲ ಮುಂದೆ ನೆಲಕ್ಕಿಟ್ಟೆ. "ಗಲ್ಲಿ ಉಳಸ್ರಿ ಅಣ್ಣಾ," ಎಂದೆ.

ಅವರು ಬಗ್ಗಿ, ಎರಡೂ ಕೈಯಿಂದ ಎತ್ತಿ, ನನ್ನ ತಲೆಯ ಮೇಲೆ ಇಟ್ಟರು.

"ಅಲ್ಲೋ ತಮ್ಮಾ, ಇಷ್ಟಕ್ಕ ಪಗಡಿ ತಗದಿಯೇನು? ಅಣ್ಣ ಕುರ್ಚಿ ಮ್ಯಾಲ ಕೂತಾನ. ಇನ್ನ ನೀವು ತಕರಾರು ಮಾಡೂದಾದ್ರ ಯಾರ ಮ್ಯಾಲ ಮಾಡ್ತೀರಿ? ನನ್ನ ಮ್ಯಾಲೇನು?"

"ಛೇ ಛೇ! ಇಲ್ರೀ," ಎಂದೆ.

"ಮತ್ತ? ಹೋಗು. ಆರಾಮ ಮಲಕೋ."

ನಾನು ಆ ಮಳೆಯಲ್ಲಿ ಹಾರಿಕೊಂಡೇ ಬಂದೆ. ಗಲ್ಲಿಗೆ ಕಾಲಿಟ್ಟವನೇ ಅವರು ಅಂದದ್ದನ್ನು ಅಂದ ಹಾಗೆಯೇ ಹೇಳಿದೆ. ಹೆಂಗಸರು ಮಾರುತಿಗೆ ಎಣ್ಣೆ ಹಾಕಿದರು. ಅರ್ಜಿಯ ತಿಂಗಳು ಮುಗಿಯಿತು. ನಮ್ಮ ಗಲ್ಲಿಯಿಂದ ಒಂದೇ ಒಂದು ಕಾಗದ ಹೋಗಲಿಲ್ಲ. ಅಣ್ಣನ ಮೇಲೆ ತಕರಾರು ಮಾಡುವಷ್ಟು ಕೆಟ್ಟವರಾಗಿರಲಿಲ್ಲ ನಾವು.

ಹೊಸ ನಕಾಶೆ ಬಂತು. ತಾಮ್ರಗಾರರ ಗಲ್ಲಿಯ ಹತ್ತಿರ ಬಂದ ರಸ್ತೆ ಅಲ್ಲಿ ಸೊಂಟ ತಿರುಗಿಸಿತ್ತು. ಅವರ ಅರ್ಜಿಗಳ ಕಟ್ಟು ಎತ್ತರವಿತ್ತು, ಅವರ ಕಡೆಯ ಅಂಚು ಉಳಿಯಿತು. ಆ ಅಗಲವನ್ನೂ ನಮ್ಮ ಕಡೆಗೆ ಹಾಕಿದರು. ನಮ್ಮದು ಅಂಚಲ್ಲ, ಪೂರ್ತಿ ಗಲ್ಲಿ. ಕೆಳಗೆ ಅವರ ಸಹಿ ಇದೆ ಎಂದು ಓದಲು ಬರುವವರು ಹೇಳಿದರು.

ಬಂಗಲೆಗೆ ಓಡಿದೆ. ಮಳೆಗಾಲ ಮುಗಿದು ಸರಕಾರ ಮುಂಬಯಿಗೆ ಇಳಿದುಹೋಗಿತ್ತು. ತೋಟದ ಮಾಲಿ ಎಲೆ ಗುಡಿಸುತ್ತಿದ್ದ. ಯಾರೋ ಪತ್ರ ಬರೆದುಕೊಟ್ಟರು, ಕಳಿಸಿದೆ. ಉತ್ತರವಿಲ್ಲ.

ಒಡೆಯುವ ದಿನ ಬೆಳಿಗ್ಗೆಯೇ ಪಿಕಾಸಿ ಹಾರೆಗಳವರು ಬಂದರು. ಮೊದಲು ನಲ್ಲಿ ಕಿತ್ತರು, ನೀರು ಕೆಸರಾಗಿ ಕೆಲಸಕ್ಕೆ ಅಡ್ಡಿಯಾಗುತ್ತದೆಂದು. ನಮ್ಮಾಕೆ ಒಲೆ ಆರಿಸಿ, ಬೂದಿಯನ್ನು ಕೂಡ ತುಂಬಿಕೊಂಡಳು. ಬಣ್ಣದ ಕಾಕಾನ ಹೂತಿಟ್ಟ ದೊಡ್ಡ ಹರವಿಗಳನ್ನು ಅಗೆದು ತೆಗೆಯಲಾಗದೆ ಒಡೆದರು. ಒಳಗಿದ್ದ, ಅಜ್ಜನ ಕಾಲದಿಂದ ಒಣಗದ ನೀಲಿ ನೆಲಕ್ಕೆಲ್ಲ ಹರಿಯಿತು. ಮುದುಕ ಆ ಕೆಸರಿನಲ್ಲಿ ನಿಂತು ನನ್ನನ್ನು ಕರೆದ. ಬೈಯುತ್ತಾನೆ ಎಂದುಕೊಂಡು ಹೋದೆ. ಬೈದಿದ್ದರೆ ಚೆನ್ನಾಗಿತ್ತು.

"ಇನ್ನೊಮ್ಮೆ ಹೇಳು," ಎಂದ. "ಅಂವಾ ಪಗಡಿ ಎತ್ತಿ ಎಲ್ಲಿ ಇಟ್ಟ?"

"ನನ್ನ ತಲೀ ಮ್ಯಾಲ."

"ನಿನ್ನ ತಲೀ ಮ್ಯಾಲ," ಎಂದ ಮುದುಕ. "ತನ್ನ ತಲೀ ಮ್ಯಾಲ ಅಲ್ಲ."

ಆಗ ನನಗೆ ತಿಳಿಯಿತು. ಪಗಡಿ ಇಟ್ಟವನ ಮಾತು ನಡೆಸುವವನು ಅದನ್ನೆತ್ತಿ ತನ್ನ ತಲೆಗೆ ಇಟ್ಟುಕೊಳ್ಳುತ್ತಾನೆ. ಹೊರೆ ನನ್ನದು ಎನ್ನುವುದಕ್ಕೆ ಅದು ಗುರುತು. ಇಟ್ಟವನ ತಲೆಗೇ ತಿರುಗಿ ಇಟ್ಟರೆ, ನಿನ್ನ ಹೊರೆ ನೀನೇ ಹೊರು ಎಂದ ಹಾಗೆ. ಬಾಲ್ಯದಿಂದ ಪಗಡಿಯನ್ನೇ ನಂಬಿ ಉಂಡವರು ನಾವು. ಇಡೀ ಗಲ್ಲಿಗೆ ನಾನು ಅದನ್ನು ಕೈಮಾಡಿ ತೋರಿಸಿ ಹೇಳಿದ್ದೆ, ತಲೆಯ ಮೇಲೆ ಇಟ್ಟು ಕಳಿಸಿದರು ಎಂದು. ಒಬ್ಬರಿಗೂ ಹೊಳೆಯಲಿಲ್ಲ. ಎಲ್ಲರೂ ಅದನ್ನು ಪ್ರೀತಿ ಎಂದೇ ತಿಳಿದೆವು. ಅವರಿಗೆ ರೂಢಿ ಗೊತ್ತಿತ್ತು. ನಮ್ಮ ಕಡೆಯವರೇ ತಾನೆ. ಇಲ್ಲವೆನ್ನಲೂ ಇಲ್ಲ, ಹೌದೆನ್ನಲೂ ಇಲ್ಲ. ಆದರೆ ಅರ್ಜಿಯ ದಿನ ದಾಟಿಸಿದರು.

ಗಲ್ಲಿ ಒಡೆದ ಮೇಲೆ ಕಾಳು ಚೆಲ್ಲಿದ ಹಾಗೆ ಜನ ಚೆಲ್ಲಿತು. ಕಾಕಾ ಶಿರೂರಿಗೆ ಮಗಳ ಮನೆಗೆ ಹೋದ. ಅಲ್ಲಿ ಬಣ್ಣದ ಕೆಲಸವಿಲ್ಲ. ಕೈಯ ನೀಲಿ ಹೋದ ವರ್ಷವೇ ಅವನೂ ಹೋದನೆಂದು ಕೇಳಿದೆ. ನಾವು ಹಡಪಸರದಲ್ಲಿ ಕಾಲುವೆಯ ಹತ್ತಿರ ಎರಡು ಖೋಲಿ ಹಿಡಿದೆವು. ಅಷ್ಟರಲ್ಲಿ ಪಗಡಿಯ ಕಾಲವೂ ಮುಗಿಯುತ್ತ ಬಂದಿತ್ತು. ಮದುವೆಗೆ ಒಂದೆರಡು ಕಟ್ಟುತ್ತೇನೆ, ಉಳಿದ ದಿನ ಟೊಪ್ಪಿಗೆ ಹೊಲಿಯುತ್ತೇನೆ.

ವಕೀಲರು ಒಮ್ಮೆ ಆ ಖೋಲಿಗೂ ಬಂದರು. ಹೊಸ ಕಾಯಿದೆಯ ಚುನಾವಣೆ. ಈಗ ಬಹಳ ಜನಕ್ಕೆ ಮತ ಬಂದಿತ್ತು. ಮೋಟಾರಿನಿಂದ ಇಳಿದವರ ತಲೆಯ ಮೇಲೆ ಪಗಡಿ ಇರಲಿಲ್ಲ, ಬಿಳಿಯ ಟೊಪ್ಪಿಗೆ ಇತ್ತು. ಅಳತೆಗೆ ದೊಡ್ಡದು, ಕಿವಿಯ ಮೇಲೆ ಕೂತಿತ್ತು. ನಮ್ಮಾಕೆ ಚಾಪೆ ಹಾಸಿದಳು.

"ಬರ್ರಿ, ಕೂಡ್ರಿ," ಎಂದಳು. "ಮನಿ ಸಣ್ಣದದ. ದೊಡ್ಡದಿತ್ತು ಮೊದಲ. ರಸ್ತಾ ಆತು."

ಅವರು ನಶ್ಯದ ಡಬ್ಬಿ ತೆಗೆದರು, ಮುಚ್ಚಿದರು. "ಸರಕಾರದ ಕೆಲಸ ನಿಮಗ ತಿಳಿಯೂದಿಲ್ಲ ತಮ್ಮಾ," ಎಂದರು ನನಗೆ. "ಫೈಲಿನಾಗ ನಿಮ್ಮ ಗಲ್ಲಿದು ಒಂದೂ ತಕರಾರು ಇರಲಿಲ್ಲ. ನಾ ಏನಂತ ಬರೀಲಿ?"

"ನಾ ಪಗಡಿ ಇಟ್ಟಿದ್ದೆನಲ್ರೀ."

"ಪಗಡಿ ಫೈಲಿಗೆ ಹಚ್ಚಲಿಕ್ಕೆ ಬರ್ತದೇನೋ?"

ಅವರು ನಗಲಿಲ್ಲ. ತಮಾಷೆಗೆ ಹೇಳಿದ್ದರೆ ಜಗಳವಾದರೂ ಆಡುತ್ತಿದ್ದೆ. ನಿಜವಾಗಿಯೇ ಕೇಳಿದರು. ಅಷ್ಟು ವರ್ಷಗಳಲ್ಲಿ ಅವರು ಅಂಥ ಮನುಷ್ಯರಾಗಿಬಿಟ್ಟಿದ್ದರು. ಹೊರಡುವಾಗ, "ನನ್ನ ಕೆಲಸ ಮಾಡ್ತೀಯಲ್ಲ?" ಎಂದರು. ನಮ್ಮಾಕೆ ಅವರ ಬಟ್ಟಲು ಎತ್ತುತ್ತ, "ಮಾಡ್ತಾರ್ರಿ. ಆರಾಮ ಮಲಕೋರಿ," ಎಂದಳು.

ಆ ಸಲ ಅವರು ಸೋತರು. ಆಮೇಲೆ ಅವರ ಹೆಸರು ಪತ್ರಿಕೆಯಲ್ಲೂ ಕಡಿಮೆಯಾಯಿತು. ಕ್ಯಾಂಪಿನ ಮನೆಯ ವರಾಂಡದಲ್ಲಿ ಕೂತಿರುತ್ತಾರೆ, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಕೌನ್ಸಿಲ್ಲಿನ ಮಾತು ಹೇಳುತ್ತಾರೆ ಎಂದು ಟಾಂಗಾದವರು ಹೇಳುತ್ತಿದ್ದರು. ನಾನು ಹೋಗಲಿಲ್ಲ.

ಈ ತಿಂಗಳು ನಮ್ಮ ಕೂಸಿಗೆ ಹೆಸರಿಡುವ ತೊಟ್ಟಿಲ ಕಾರ್ಯ ಆಯಿತು. ನಮ್ಮ ಗಲ್ಲಿಯಲ್ಲಿದ್ದವರಿಗೆಲ್ಲ ಹೇಳಿ ಕಳಿಸಿದ್ದೆ. ಯಾರು ಎಲ್ಲಿದ್ದಾರೆಂದು ಹುಡುಕಿ ಹುಡುಕಿ ಹೇಳಿಸಿದೆ. ಸಂತೋಷದಲ್ಲಿ ಮನುಷ್ಯನ ಕಾಲಿಗೆ ಎಷ್ಟು ಬಲ ಬರುತ್ತದೆ! ಆ ಬೆಳಿಗ್ಗೆ ತೊಟ್ಟಿಲಿಗೆ ಹೂವು ಕಟ್ಟುತ್ತಿದ್ದೆ. ಹಾಲಿನವನು ಬಂದು, "ತುಮ್ಚೆ ಮಂತ್ರಿ ಗೇಲೆ, ಕಾಕಾ," ಎಂದ. ನಿಮ್ಮ ಮಂತ್ರಿ ಹೋದರು. ರಾತ್ರಿಯೇ ಹೋಗಿದ್ದರು. ಅವರ ಮನೆಯಿಂದ ಯಾರೂ ಹೇಳಿ ಕಳಿಸಲಿಲ್ಲ. ಅಣ್ಣ ಸತ್ತರೆ ತಮ್ಮನಿಗೆ ಹೇಳಿ ಕಳಿಸುತ್ತಾರೆ. ಹಾಲಿನವನು ಹೇಳುವುದಿಲ್ಲ.

ನಾನು ಹೂವು ಕಟ್ಟುತ್ತಲೇ ಇದ್ದೆ. ನಮ್ಮಾಕೆ ಒಳಗೆ ಹೋಗಿ, ಬಚ್ಚಲಲ್ಲಿ ತಣ್ಣೀರು ತುಂಬಿಸಿಟ್ಟು ಬಂದಳು.

"ಏಳ್ರಿ. ತಲೀ ಮ್ಯಾಲ ನೀರು ಹಾಕ್ಕೋರಿ. ತೊಟ್ಟಲಾ ಮೂರು ದಿನಾ ಮುಂದ ಹಾಕೂಣು."

ನನಗೆ ಆಶ್ಚರ್ಯವಾಯಿತು. ಅವರ ಮೇಲೆ ನನಗಿಂತ ಅವಳಿಗೇ ಸಿಟ್ಟು ಹೆಚ್ಚು ಎಂದು ತಿಳಿದಿದ್ದೆ.

"ಯಾಕ?" ಎಂದೆ.

"ಪಗಡಿ ಬದಲಿಸಿದ ಮ್ಯಾಲ ಸೂತಕ ಬರ್ತದ. ಅವರು ಮರತ್ರು ಅಂತ ನಾವೂ ಮರೀಬೇಕೇನು? ಜ್ವರದಾಗ ನನಗ ನೀರು ಕುಡಿಸಿದ ಕೈ ಅದು. ಕೂಸು ಮೂರು ದಿನಾ ಹೆಸರಿಲ್ಲದ ಇದ್ದರ ಏನೂ ಆಗೂದಿಲ್ಲ. ಕಾಯ್ತದ."

"ಇಲ್ಲ," ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. "ಅವರ ಸಲುವಾಗಿ ನಮ್ಮವರು ಒಮ್ಮೆ ಕಾದದ್ದು ಸಾಕು. ಈ ಕೂಸು ಕಾಯೂದಿಲ್ಲ."

ಅಷ್ಟರಲ್ಲಿ ಟಾಂಗಾ ಬಂದು ನಿಂತಿತು. ಶಿರೂರಿನಿಂದ ಬಣ್ಣದ ಕಾಕಾನ ಮಗಳು ಮೊದಲು ಇಳಿದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಬರತೊಡಗಿದರು. ಪಗಡಿಯ ಸಾಲಿನವರು, ಬಣ್ಣದ ಸಾಲಿನವರು, ಸತ್ತವರ ಬದಲಿಗೆ ಅವರ ಸೊಸೆಯಂದಿರು. ಖೋಲಿ ಹಿಡಿಸದೆ ಕಾಲುವೆಯ ದಂಡೆಯ ಮೇಲೆಲ್ಲ ಕೂತರು. "ಏ ತಮ್ಮಾ, ಮುದುಕಾಗಿ ಚೆಂದ ಆಗೀಯಲ್ಲೋ!" ಎಂದು ಒಬ್ಬಾಕೆ ನನ್ನ ಗದ್ದ ಹಿಡಿದಳು. ಕೂಸನ್ನು ತೊಟ್ಟಿಲ ಮೇಲಿಂದ ಒಬ್ಬರು ಕೊಟ್ಟರು, ಕೆಳಗಿಂದ ಒಬ್ಬರು ತೆಗೆದುಕೊಂಡರು. ಪಗಡಿ ಸಾಲಿನ ಕೈಯಿಂದ ಬಣ್ಣದ ಸಾಲಿನ ಕೈಗೆ, ಅಲ್ಲಿಂದ ತಿರುಗಿ ಇತ್ತ. ಕನ್ನಡದ ಹಾಡು, ಮರಾಠಿಯ ಹಾಡು, ಎರಡೂ ಕೂಡಿ ಗದ್ದಲ. ಕೂಸು ಅಳಲಿಲ್ಲ, ಆಕಳಿಸಿತು. ನಾನು ನಕ್ಕೆನೋ ಅತ್ತೆನೋ, ಅಲ್ಲಿದ್ದವರನ್ನು ಕೇಳಬೇಕು.

ಸಂಜೆ ಎಲ್ಲರೂ ಹೋದ ಮೇಲೆ ಬಚ್ಚಲಲ್ಲಿ ನೀರು ಹಾಗೇ ಇತ್ತು. "ಈಗರೆ ಹಾಕ್ಕೋರಿ," ಎಂದಳು ನಮ್ಮಾಕೆ.

"ನನ್ನ ಅಣ್ಣ ಸತ್ತದ್ದು ಗಲ್ಲಿ ಒಡದ ದಿನ," ಎಂದೆ. "ಅವತ್ತ ನಲ್ಲಿ ಕಿತ್ತಿದ್ರು. ನೀರು ಸಿಗಲಿಲ್ಲ."

ಅವಳು ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿದಳು. ಬಚ್ಚಲಿಗೆ ಹೋಗಿ ಬಾಗಿಲು ಎಳೆದುಕೊಂಡಳು. ಒಳಗೆ ತಂಬಿಗೆಯಿಂದ ನೀರು ಬೀಳುವ ಸಪ್ಪಳ. ಒಂದು, ಮತ್ತೊಂದು... ಆ ವಯಸ್ಸಿನಲ್ಲಿ, ಆ ಮಳೆಗಾಲದ ಥಂಡಿಯಲ್ಲಿ. ನಾನು ಕೂಸಿನ ಕಿವಿಗೆ ಕೈ ಅಡ್ಡ ಹಿಡಿದು ಕೂತೆ.

ಅವಳು ಹಾಗೆ ಮಾಡಿದ್ದು ತಪ್ಪೆಂದು ಹೇಳಲಾರೆ. ನಾನು ಮಾಡದೆ ಇದ್ದದ್ದು ತಪ್ಪೆಂದೂ ಹೇಳಲಾರೆ. ಒಂದು ಮಾತು ಮಾತ್ರ ನಿಜ. ನನಗೆ ಅಣ್ಣನಾಗಿ ಇದ್ದವರು ವಕೀಲರೊಬ್ಬರೇ. ಅಣ್ಣಾ ಎಂದು ಕರೆಯಲು ಈಗ ಯಾರೂ ಇಲ್ಲ. ಆ ಜಾಗ ಖಾಲಿ ಬಿದ್ದಿದೆ, ಕೂಸನ್ನು ತಂದು ಅಲ್ಲಿ ಕೂಡಿಸುವುದಿಲ್ಲ. ಅದಕ್ಕೆ ಬೇರೆ ಜಾಗವಿದೆ, ಬಹಳ ದೊಡ್ಡದು.

ಇದನ್ನು ಬರೆಯುವಾಗ ಹೊರಗೆ ಮಳೆ ಹಿಡಿದಿದೆ. ನಮ್ಮಾಕೆಗೆ ಅಂದಿನಿಂದ ಸಣ್ಣಗೆ ಕೆಮ್ಮು. ಶುಂಠಿ ಕುದಿಸಿಟ್ಟಿದ್ದೇನೆ, ಕೊಟ್ಟು ಬರಬೇಕು.